ರೈಲ್ವೆ ಮ್ಯೂಸಿಯಂಗೆ ಅರ್ಧ ಗಂಟೆ ಸಾಕು ಅಂದವರು ಯಾರು?

ಮಾನ್ಯ ಸಂಪಾದಕರೇ,

ರಜೆ ಹತ್ರ ಬರ್ತಿದ್ದ ಹಾಗೆ ಎಲ್ಲಾ ಪತ್ರಿಕೆಯವರ ಥರ ನೀವೂ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗಗಳು ಅಂತ ಒಂದು ಪುಟ ಮಾಡಿದ್ರಿ. ಬೆಟ್ಟ, ಜಲಪಾತ, ದೇವಸ್ಥಾನ, ರೆಸಾರ್ಟು ಎಲ್ಲದಕ್ಕೂ ಒಂದೊಂದು ಪ್ಯಾರಾ, ಜೊತೆಗೆ ಕಲರ್ ಫೋಟೋ. ರೈಲ್ವೆ ಮ್ಯೂಸಿಯಂಗೆ ಮಾತ್ರ ಒಂದೇ ಸಾಲು, ಚಿಕ್ಕ ಮಕ್ಕಳಿದ್ದರೆ ಹೋಗಬಹುದು, ಅರ್ಧ ಗಂಟೆ ಸಾಕು ಅಂತ. ಬರೆದವರ ಮೇಲೆ ನನಗೇನೂ ಸಿಟ್ಟಿಲ್ಲ, ಯಾಕಂದ್ರೆ ಹೆಚ್ಚಿನ ಜನ ಅಲ್ಲಿ ಕಳೆಯೋದು ನಿಜವಾಗ್ಲೂ ಅಷ್ಟೇ ಹೊತ್ತು. ಆದ್ರೆ ಆ ಅರ್ಧ ಗಂಟೆ ಯಾಕೆ ಅರ್ಧ ಗಂಟೆಯಾಗಿಯೇ ಉಳಿದಿದೆ, ಅದು ಇಡೀ ದಿನ ಆಗೋಕೆ ಏನು ಬೇಕು ಅಂತ ಹೇಳೋಣ ಅನ್ನಿಸ್ತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕೋದಿದ್ರೆ ಹಾಕಿ.

ಈಗ ಏನಾಗುತ್ತೆ ಅಂದ್ರೆ, ಫ್ಯಾಮಿಲಿ ಒಳಗೆ ಬರುತ್ತೆ, ಮಕ್ಕಳು ಸೀದಾ ಪುಟಾಣಿ ರೈಲಿನ ಕ್ಯೂಗೆ ಓಡ್ತಾರೆ, ಒಂದು ರೌಂಡ್ ಆಗುತ್ತೆ, ಆಮೇಲೆ ಯಾವುದಾದ್ರೂ ದೊಡ್ಡ ಕಪ್ಪು ಎಂಜಿನ್ ಮೆಟ್ಟಿಲ ಮೇಲೆ ಎಲ್ಲರೂ ನಿಂತು ಫೋಟೋ, ಅಪ್ಪ ಒಂದು ಸಲ ಬೋರ್ಡ್ ಓದ್ತಾನೆ, ತಯಾರಾದ ವರ್ಷ, ಕಂಪನಿ ಹೆಸರು, ತೂಕ ಇಷ್ಟು ಟನ್, ಗೇಜ್ (ಅಂದ್ರೆ ಎರಡು ಹಳಿಗಳ ನಡುವಿನ ಅಂತರ) ಇಷ್ಟು, ಮುಗೀತು. ಮುಂದಿನ ಎಂಜಿನ್ ಬೋರ್ಡಲ್ಲೂ ಅದೇ, ಅಂಕಿ ಮಾತ್ರ ಬೇರೆ. ನಾಲ್ಕನೇದಕ್ಕೆ ಬರೋ ಹೊತ್ತಿಗೆ ಎಲ್ಲಾ ಎಂಜಿನ್ನೂ ಒಂದೇ ಥರ ಕಾಣ್ಸುತ್ತೆ, ಅಪ್ಪ ಮೊಬೈಲ್ ತೆಗೀತಾನೆ, ಅಮ್ಮ ನೆರಳು ಹುಡುಕ್ತಾಳೆ. ಇದರಲ್ಲಿ ಜನರ ತಪ್ಪು ಏನಿದೆ ಹೇಳಿ. ಟನ್ ಲೆಕ್ಕ ಕೇಳಿ ಯಾರಿಗೆ ತಾನೇ ರೋಮಾಂಚನ ಆಗುತ್ತೆ?

ನಾನು ಹೋದಾಗ ಮಾಡೋದು ಬೇರೆ. ಎಲ್ಲಾ ಎಂಜಿನ್ ನೋಡ್ಬೇಕು ಅನ್ನೋ ಆಸೆ ಮೊದಲೇ ಬಿಟ್ಟುಬಿಡ್ತೀನಿ. ಒಂದೇ ಒಂದು ಎಂಜಿನ್ ಆರಿಸ್ಕೊಂಡು, ಅದರ ಕ್ಯಾಬ್ (ಡ್ರೈವರ್ ನಿಲ್ಲೋ ಜಾಗ) ಹತ್ತೋಕೆ ಬಿಡ್ತಾರೆ ಅಂದ್ರೆ ಇನ್ನೂ ಒಳ್ಳೇದು, ಬೆಂಕಿ ಇದ್ದ ಜಾಗದಿಂದ ಶುರು ಮಾಡಿ ಚಿಮಣಿವರೆಗೆ ಉಗಿ ಹೋದ ದಾರೀಲೇ ನಡ್ಕೊಂಡು ಹೋಗೋದು. ಕ್ಯಾಬಲ್ಲಿ ನಿಂತ್ರೆ ಮೊಣಕಾಲಿನ ಎತ್ತರದಲ್ಲಿ ಒಂದು ಕಬ್ಬಿಣದ ಬಾಗಿಲು ಇರುತ್ತೆ, ಅದೇ ಫೈರ್‌ಬಾಕ್ಸ್ ಬಾಗಿಲು. ಒಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಎದುರುಗಡೆ ಗೋಡೆ ತುಂಬಾ ರೂಪಾಯಿ ನಾಣ್ಯಕ್ಕಿಂತ ದೊಡ್ಡ ದೊಡ್ಡ ತೂತುಗಳು ಸಾಲು ಸಾಲಾಗಿ ಕಾಣ್ಸುತ್ತೆ. ಅವು ಕೊಳವೆಗಳ ಬಾಯಿ. ಬೆಂಕಿಯ ಬಿಸಿ ಗಾಳಿ ಆ ಕೊಳವೆಗಳೊಳಗೆ ನುಗ್ಗಿ ಮುಂದಿನ ತುದಿವರೆಗೂ ಹೋಗುತ್ತೆ, ಕೊಳವೆಗಳ ಸುತ್ತ ನೀರು. ತುಂಬಾ ಜನ ಆ ಉದ್ದನೆ ಉರುಳೆಯೊಳಗೆ ಬರೀ ನೀರು ತುಂಬಿ ಕೆಳಗಿಂದ ಬೆಂಕಿ ಹಚ್ತಿದ್ರು ಅಂದ್ಕೊಂಡಿರ್ತಾರೆ, ಹಾಗಲ್ಲ, ಬೆಂಕಿಯ ಬಿಸಿ ನೀರಿನ ಹೊಟ್ಟೆಯೊಳಗೇ ಹಾದುಹೋಗ್ತಿತ್ತು. ನೂರಾರು ಕೊಳವೆ ಇದ್ರೆ ಬಿಸಿ ತಾಗೋ ಜಾಗ ಎಷ್ಟೋ ಪಟ್ಟು ಜಾಸ್ತಿ ಅಲ್ವಾ, ಅದೇ ಜಾಣತನ.

ಉಗಿ ಮೇಲೆ ಗುಮ್ಮಟದ ಥರ ಇರೋ ಡೋಮಲ್ಲಿ ಸೇರಿ, ಡ್ರೈವರ್ ರೆಗ್ಯುಲೇಟರ್ ಹಿಡಿ ಎಳೆದಾಗ ಕೊಳವೆಯಲ್ಲಿ ಇಳಿದು ಸಿಲಿಂಡರ್‌ಗೆ ಹೋಗಿ ಪಿಸ್ಟನ್ ತಳ್ಳುತ್ತೆ. ಇಲ್ಲಿವರೆಗೆ ಶಾಲೆ ಪುಸ್ತಕದಲ್ಲೂ ಇದೆ. ನನಗೆ ತುಂಬಾ ಇಷ್ಟವಾದ ಭಾಗ ಇದಾದ ಮೇಲಿಂದು. ಕೆಲಸ ಮುಗಿಸಿದ ಉಗಿಯನ್ನ ಸುಮ್ನೆ ಪಕ್ಕಕ್ಕೆ ಬಿಡದೆ ಮುಂದಿನ ಹೊಗೆಪೆಟ್ಟಿಗೆಗೆ ತಂದು, ಚಿಮಣಿಯ ಸರಿಯಾಗಿ ಕೆಳಗೆ ಒಂದು ಕಿರಿದಾದ ಬಾಯಿಂದ ಜೋರಾಗಿ ಮೇಲಕ್ಕೆ ಚಿಮ್ಮಿಸ್ತಾರೆ, ಆ ರಭಸಕ್ಕೆ ಹೊಗೆಪೆಟ್ಟಿಗೆಯ ಗಾಳಿ ಎಲ್ಲಾ ಜೊತೆಗೆ ಎಳ್ಕೊಂಡು ಹೋಗುತ್ತೆ, ಅಲ್ಲಿ ಖಾಲಿಯಾದ ಜಾಗ ತುಂಬೋಕೆ ಹಿಂದಿನ ಬೆಂಕಿ ಮೂಲಕ ಹೊಸ ಗಾಳಿ ನುಗ್ಗುತ್ತೆ, ಬೆಂಕಿ ಧಗಧಗ ಅನ್ನುತ್ತೆ. ಅಂದ್ರೆ ಎಂಜಿನ್ ಎಷ್ಟು ಕಷ್ಟಪಟ್ಟು ಎಳೆಯುತ್ತೋ ಅದರ ಒಲೆ ತಾನಾಗೇ ಅಷ್ಟು ಜೋರಾಗಿ ಉರಿಯುತ್ತೆ, ಯಾರೂ ಫ್ಯಾನ್ ಹಾಕ್ಬೇಕಾಗಿಲ್ಲ. ಚುಕುಬುಕು ಚುಕುಬುಕು ಅಂತ ನಾವೆಲ್ಲ ಚಿಕ್ಕವರಿದ್ದಾಗ ಕೂಗ್ತಿದ್ವಲ್ಲ, ಆ ಸದ್ದು ಇದೇ, ಚಿಮಣಿಯಲ್ಲಿ ಉಗಿ ಚಿಮ್ಮೋ ಸದ್ದು. ಎರಡು ಸಿಲಿಂಡರಿನ ಎಂಜಿನ್ ಆದ್ರೆ ದೊಡ್ಡ ಚಕ್ರ ಒಂದು ಸುತ್ತು ತಿರುಗೋದ್ರೊಳಗೆ ನಾಲ್ಕು ಸಲ ಆ ಸದ್ದು ಬರುತ್ತೆ. 1829ರಲ್ಲಿ ಸ್ಟೀಫನ್ಸನ್ನರ ರಾಕೆಟ್ ಎಂಜಿನ್ ಇಂಗ್ಲೆಂಡಿನ ರೇನ್‌ಹಿಲ್ ಸ್ಪರ್ಧೆಯಲ್ಲಿ ಗೆದ್ದಾಗ ಅದರಲ್ಲೂ ಈ ಎರಡು ಉಪಾಯ ಇತ್ತು, ಸುಮಾರು ಕೊಳವೆಗಳ ಬಾಯ್ಲರ್ ಮತ್ತೆ ಚಿಮಣಿಗೆ ಉಗಿ ಬಿಡೋದು. ಅದಾಗಿ ನೂರಾ ನಲವತ್ತು ವರ್ಷ ಆದಮೇಲೆ ನಮ್ಮ ಚಿತ್ತರಂಜನ್ ಕಾರ್ಖಾನೆಯಲ್ಲಿ ಮಾಡಿದ ಕೊನೇ ಸ್ಟೀಮ್ ಎಂಜಿನ್ನುಗಳಲ್ಲೂ ಮೂಲ ಅದೇನೇ. ಇಷ್ಟನ್ನ ಒಂದು ಬೋರ್ಡಲ್ಲಿ ಬಾಣದ ಗುರುತು ಹಾಕಿ ಬರೆದ್ರೆ ಸಾಕು, ಆ ಎಂಜಿನ್ ಮುಂದೆ ಜನ ಎಷ್ಟು ಹೊತ್ತು ನಿಲ್ತಾರೆ ನೋಡಿ.

ಮಕ್ಕಳು ಕ್ಯಾಬ್ ಹತ್ತಿದ ತಕ್ಷಣ ಕೇಳೋ ಮೊದಲನೇ ಪ್ರಶ್ನೆ ಸ್ಟೇರಿಂಗ್ ಎಲ್ಲಿ ಅಂತ. ಕೆಲವು ಎಂಜಿನ್ನಲ್ಲಿ ಒಂದು ಚಕ್ರದ ಹಿಡಿ ಇರೋದ್ರಿಂದ ಅಪ್ಪಂದಿರು ಅದನ್ನೇ ತೋರಿಸಿ ಇದೇ ಸ್ಟೇರಿಂಗ್ ಅಂತ ಹೇಳೋದು ನಾನು ತುಂಬಾ ಸಲ ಕೇಳಿಸ್ಕೊಂಡಿದೀನಿ. ಅದು ರಿವರ್ಸರ್, ಎಂಜಿನ್ ಮುಂದಕ್ಕೆ ಹೋಗ್ಬೇಕಾ ಹಿಂದಕ್ಕೆ ಹೋಗ್ಬೇಕಾ, ಒಂದೊಂದು ತಳ್ಳಿಗೂ ಸಿಲಿಂಡರ್‌ಗೆ ಎಷ್ಟು ಹೊತ್ತು ಉಗಿ ಬಿಡ್ಬೇಕು ಅನ್ನೋದನ್ನ ಸೆಟ್ ಮಾಡೋದು. ತಿರುವಿನಲ್ಲಿ ರೈಲನ್ನ ತಿರುಗಿಸೋದು ಚಕ್ರದ ಆಕಾರ. ಹಳಿ ಮೇಲೆ ಕೂರೋ ಭಾಗ ಚಪ್ಪಟೆ ಇರಲ್ಲ, ಒಳಗಡೆ ದಪ್ಪ, ಹೊರಗಡೆಗೆ ಬರ್ತಾ ಸ್ವಲ್ಪ ಸಣ್ಣ. ತಿರುವಲ್ಲಿ ಚಕ್ರದ ಜೋಡಿ ಒಂದು ಕಡೆಗೆ ಜರುಗಿದಾಗ ಹೊರಗಿನ ಹಳಿ ಮೇಲೆ ದಪ್ಪ ಭಾಗ, ಒಳಗಿನ ಹಳಿ ಮೇಲೆ ಸಣ್ಣ ಭಾಗ ಉರುಳುತ್ತೆ, ತಾನಾಗೇ ತಿರುಗುತ್ತೆ. ಒಳಗಿನ ಅಂಚು ಇರೋದು ಹಳಿ ತಪ್ಪದೇ ಇರ್ಲಿ ಅಂತ ಕೊನೇ ಕಾವಲಿಗೆ. ಮ್ಯೂಸಿಯಂಗಳಲ್ಲಿ ಬಿಡಿ ಚಕ್ರದ ಜೋಡಿ ಒಂದಾದ್ರೂ ಇಟ್ಟಿರ್ತಾರೆ, ಅದರ ಮೇಲೆ ಕೈ ಆಡಿಸಿ ನೋಡಿದ್ರೆ ಆ ಇಳಿಜಾರು ಬೆರಳಿಗೇ ಗೊತ್ತಾಗುತ್ತೆ. ಆದ್ರೆ ಸಾಮಾನ್ಯವಾಗಿ ಅದರ ಸುತ್ತ ಸರಪಳಿ ಹಾಕಿ ಮುಟ್ಟಬಾರದು ಅಂತ ಬರೆದಿರ್ತಾರೆ. ಟನ್‌ಗಟ್ಟಲೆ ಭಾರ ಹೊತ್ತು ಸಾವಿರಾರು ಮೈಲಿ ಓಡಿದ ಉಕ್ಕಿನ ಚಕ್ರ ಏಳು ವರ್ಷದ ಹುಡುಗಿ ಮುಟ್ಟಿದ್ರೆ ಸವೀತದಾ ಸ್ವಾಮಿ?

ಇನ್ನೊಂದು ಆಟ ಹೇಳ್ತೀನಿ, ಮಕ್ಕಳ ಜೊತೆ ಹೋಗೋರಿಗೆ. ಎಂಜಿನ್ನಿನ ಒಂದು ಪಕ್ಕ ನಿಂತು ದೊಡ್ಡ ಚಕ್ರಕ್ಕೆ ರಾಡು ಸೇರೋ ಜಾಗ ಎಲ್ಲಿದೆ ನೋಡಿ, ಗಡಿಯಾರದ ಲೆಕ್ಕದಲ್ಲಿ ಎಷ್ಟು ಗಂಟೆ ತೋರಿಸ್ತಿದೆ ಅಂತ. ಆಮೇಲೆ ಮಕ್ಕಳನ್ನ ಆ ಕಡೆ ಪಕ್ಕಕ್ಕೆ ಓಡಿಸಿ. ಈ ಕಡೆ ರಾಡು ಪೂರ್ತಿ ಮೇಲೆ ಇದ್ರೆ ಆ ಕಡೆ ಅದು ಮುಂದಕ್ಕೋ ಹಿಂದಕ್ಕೋ ಇರುತ್ತೆ, ಯಾವತ್ತೂ ಎರಡೂ ಒಂದೇ ಜಾಗದಲ್ಲಿ ಇರಲ್ಲ. ಯಾಕಂದ್ರೆ ಒಂದು ಕಡೆ ಪಿಸ್ಟನ್ ತುದಿಗೆ ಬಂದು ತಳ್ಳೋಕೆ ಆಗದೇ ನಿಂತಾಗ ಇನ್ನೊಂದು ಕಡೆದು ತಳ್ಳೋ ಜಾಗದಲ್ಲಿ ಇರ್ಬೇಕು, ಇಲ್ಲಾಂದ್ರೆ ಎಂಜಿನ್ ಹೊರಡೋದೇ ಇಲ್ಲ. ಮನೆಯಿಂದ ಒಂದು ಅಳತೆ ಟೇಪು ತಗೊಂಡು ಹೋಗಿ, ಎರಡು ಹಳಿಗಳ ಒಳಗಿನ ಅಂಚಿನ ಅಂತರ ಅಳೀರಿ, ಬ್ರಾಡ್ ಗೇಜ್ ಆದ್ರೆ 1676 ಮಿಲಿಮೀಟರ್, ಮೀಟರ್ ಗೇಜ್ ಸರಿಯಾಗಿ 1000, ನ್ಯಾರೋ ಗೇಜಲ್ಲೇ ಎರಡು ಥರ, 762 ಮತ್ತೆ 610. ಒಂದೇ ದೇಶದಲ್ಲಿ ಇಷ್ಟು ಅಳತೆ ಇತ್ತು ಅಂದ್ರೆ ಒಂದು ಗೇಜಿಂದ ಇನ್ನೊಂದಕ್ಕೆ ಬದಲಾಗೋ ಜಂಕ್ಷನ್‌ಗಳಲ್ಲಿ ಜನಾನೂ ಮೂಟೇನೂ ಇಳಿದು ಇನ್ನೊಂದು ರೈಲು ಹತ್ಬೇಕಿತ್ತು ಅಂತ ಮಕ್ಕಳಿಗೆ ತಾವೇ ಹೊಳೆಯುತ್ತೆ, ಪಾಠ ಮಾಡ್ಬೇಕಾಗಿಲ್ಲ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರ್ತೀನಿ. ಒಂದು ಮ್ಯೂಸಿಯಂನಲ್ಲಿ, ಯಾವುದು ಅಂತ ಬೇಡ, ನಾನು ಎಂಜಿನ್ ಪಕ್ಕ ನಿಂತಿದ್ದಾಗ ಒಬ್ರು ವಯಸ್ಸಾದೋರು ಮಗಳು ಮೊಮ್ಮಕ್ಕಳ ಜೊತೆ ಬಂದ್ರು. ಬಡಕಲು ಶರೀರ, ಮಂಡಿ ನೋವು ಇರೋರ ಥರ ಕುಂಟ್ತಾ ಇದ್ರು. ಆದ್ರೆ ಕ್ಯಾಬಿನ ಏಣಿ ಹತ್ರ ಬಂದ ತಕ್ಷಣ ಎರಡೂ ಕಡೆ ಹಿಡಿ ಹಿಡ್ಕೊಂಡು ಹತ್ತಿದ ರೀತಿ ನೋಡಿದ್ರೆ ಸಾವಿರಾರು ಸಲ ಹತ್ತಿದ ಕಾಲು ಅಂತ ಗೊತ್ತಾಗ್ತಿತ್ತು. ಒಳಗೆ ಹೋದೋರೇ ನೋಡದೇನೇ ಕೈ ಮೇಲೆತ್ತಿ ರೆಗ್ಯುಲೇಟರ್ ಹಿಡಿ ಮೇಲೆ ಇಟ್ರು. ಮೊಮ್ಮಗ ತಾತ ಇದೇನು ಅಂದ. ಅಷ್ಟೇ ನೋಡಿ, ಶುರುವಾಯ್ತು. ಕಲ್ಲಿದ್ದಲನ್ನ ಗುಡ್ಡೆ ಹಾಕಬಾರದು ಕಣೋ, ಮೂಲೆಗೆ ಒಂದು, ಈ ಮೂಲೆಗೆ ಒಂದು, ಬಾಗಿಲ ಕೆಳಗೆ ಒಂದು, ಮಧ್ಯ ತೆಳ್ಳಗಿರ್ಬೇಕು ಅಂತ ಕೈಯಲ್ಲಿ ಸಲಿಕೆ ಇಲ್ದೇನೇ ಸೊಂಟ ತಿರುಗಿಸಿ ತೋರಿಸಿದ್ರು, ಒಂದು ಕಾಲು ಎಂಜಿನ್ನಲ್ಲಿ ಒಂದು ಕಾಲು ಟೆಂಡರ್ (ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರೋ ಗಾಡಿ) ಕಡೆ ಇಟ್ಟು ನಿಲ್ಲೋದು ಹೇಗೆ, ಓಲಾಡೋ ಎಂಜಿನ್ನಲ್ಲಿ ಅದು ಎಷ್ಟು ಕಷ್ಟ ಅಂತ. ಚಿಮಣೀಲಿ ಕರೀ ಹೊಗೆ ಬಂತು ಅಂದ್ರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಆದ್ರೆ ಡ್ರೈವರ್ ಕೈಲಿ ಬೈಸ್ಕೋಬೇಕಾಗ್ತಿತ್ತು, ಕಲ್ಲಿದ್ದಲು ಸರಿಯಾಗಿ ಉರೀತಿಲ್ಲ ಅಂತ ಅರ್ಥ.

ಆಮೇಲೆ ಒಂದು ಖಾಲಿ ಜಾಗ ತೋರಿಸಿದ್ರು, ಎರಡು ಹಿತ್ತಾಳೆ ತಿರುಪಿನ ಮಧ್ಯೆ. ಇಲ್ಲೊಂದು ಗಾಜಿನ ಕೊಳವೆ ಇರ್ತಿತ್ತು, ಬಾಯ್ಲರಲ್ಲಿ ನೀರು ಎಷ್ಟಿದೆ ಅಂತ ತೋರಿಸೋದು, ರಾತ್ರಿ ಹೊತ್ತು ದೀಪ ಇಟ್ಕೊಂಡು ಇದನ್ನೇ ನೋಡ್ತಾ ಕೂರ್ತಿದ್ವಿ. ನೀರು ಕಮ್ಮಿಯಾಗಿ ಫೈರ್‌ಬಾಕ್ಸಿನ ಮೇಲ್ಛಾವಣಿ ಬರಿದಾಯ್ತು ಅಂದ್ರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯೋದೇ. ಅದಕ್ಕೇ ಮೇಲ್ಛಾವಣಿಯಲ್ಲಿ ಒಂದು ಸೀಸದ ಬಿರಡೆ ಇರುತ್ತೆ, ನೀರಿಲ್ದಿದ್ರೆ ಅದು ಮೊದಲು ಕರಗಿ ಉಗಿ ಬೆಂಕಿ ಮೇಲೆ ಸುರಿದು ಎಚ್ಚರಿಕೆ ಕೊಡುತ್ತೆ. ಬಿರಡೆ ಕರಗಿಸಿದೋನು ಅನ್ನಿಸ್ಕೊಂಡ್ರೆ ಶೆಡ್ಡಲ್ಲಿ ಮರ್ಯಾದೆ ಹೋಗ್ತಿತ್ತು ಅಂತ ನಕ್ಕರು. ಅಷ್ಟೊತ್ತಿಗೆ ಏಣಿ ಕೆಳಗೆ ದೊಡ್ಡ ಗುಂಪು. ಗುರುತು ಪರಿಚಯ ಇಲ್ದೋರೆಲ್ಲ ಪ್ರಶ್ನೆ ಕೇಳ್ತಿದ್ರು, ಒಬ್ಬ ಕಾಲೇಜು ಹುಡುಗ ವಿಡಿಯೋ ಮಾಡ್ತಿದ್ದ, ಪುಟಾಣಿ ರೈಲಿನ ಕ್ಯೂ ಬಿಟ್ಟು ಮಕ್ಕಳು ಬಂದಿದ್ರು. ಆಗ ಸೆಕ್ಯುರಿಟಿಯವರು ಬಂದು, ಯಜಮಾನ್ರೇ ತುಂಬಾ ಹೊತ್ತು ಮೇಲೆ ನಿಲ್ಲೋ ಹಾಗಿಲ್ಲ, ಇಳೀರಿ ಅಂದ್ರು. ಇಳಿದ್ರು. ಮ್ಯೂಸಿಯಂನಲ್ಲಿ ಕೆಲಸ ಮಾಡೋ ಒಬ್ಬರೂ ಬಂದು ನೀವು ಯಾವ ಶೆಡ್ಡಲ್ಲಿದ್ರಿ, ಮತ್ತೆ ಬರ್ತೀರಾ ಅಂತ ಒಂದು ಮಾತು ಕೇಳ್ಲಿಲ್ಲ. ಸೆಕ್ಯುರಿಟಿಯವರನ್ನ ಬಯ್ಯೋಕೆ ನಾನು ಇದನ್ನ ಬರೀತಿಲ್ಲ, ಅವರಿಗೆ ಹೇಳಿದ ಕೆಲಸ ಅವರು ಮಾಡಿದ್ರು. ಆದ್ರೆ ಆ ಜಾಗದಲ್ಲಿದ್ದ ಎಲ್ಲಾ ಬೋರ್ಡು ಸೇರಿಸಿದ್ರೂ ಅಷ್ಟು ಹೊತ್ತಲ್ಲಿ ಅವರು ಹೇಳಿದ್ದರ ಕಾಲು ಭಾಗ ಇರ್ಲಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಭಾರತದಲ್ಲಿ ಬ್ರಾಡ್ ಗೇಜಿಗೆ ಮಾಡಿದ ಕೊನೇ ಸ್ಟೀಮ್ ಎಂಜಿನ್ 1970ರಲ್ಲಿ ಚಿತ್ತರಂಜನ್ನಿಂದ ಹೊರಗೆ ಬಂತು, ಅಂತಿಮ್ ಸಿತಾರಾ ಅಂತ ಹೆಸರು. ಮೀಟರ್ ಗೇಜ್‌ದೂ ಸೇರಿ ಅಲ್ಲಿ ಸ್ಟೀಮ್ ಎಂಜಿನ್ ತಯಾರಿ 1972ಕ್ಕೆ ಪೂರ್ತಿ ನಿಂತುಹೋಯ್ತು. ಬ್ರಾಡ್ ಗೇಜಲ್ಲಿ ದಿನನಿತ್ಯದ ಉಗಿ ರೈಲು 1995ರಲ್ಲಿ ಮುಗೀತು. ಆ ಕೊನೇ ದಿನಗಳಲ್ಲಿ ಸಲಿಕೆ ಹಿಡಿದಿದ್ದ ಇಪ್ಪತ್ತೈದರ ಹುಡುಗರಿಗೇ ಈಗ ಐವತ್ತು ದಾಟಿದೆ, ಅದಕ್ಕಿಂತ ಹಿಂದಿನ ಸೀನಿಯರ್ ಡ್ರೈವರುಗಳು ಎಷ್ಟು ಜನ ಉಳಿದಿದ್ದಾರೋ. ಎಂಜಿನ್ ಎಲ್ಲೂ ಹೋಗಲ್ಲ, ಬಣ್ಣ ಹೊಡೆದು ನಿಲ್ಲಿಸಿದ್ರೆ ಇನ್ನೂ ನೂರು ವರ್ಷ ನಿಂತಿರುತ್ತೆ. ಅದನ್ನ ಓಡಿಸೋಕೆ ಬರ್ತಿದ್ದ ಕೈಗಳು ಹಾಗಲ್ಲ. ರೈಲ್ವೆ ಪಿಂಚಣಿದಾರರ ಸಂಘಗಳು ಊರೂರಲ್ಲಿ ಇವೆ, ಭಾನುವಾರಕ್ಕೆ ಇಬ್ಬರನ್ನ ಕರೆದು, ಹೋಗಿ ಬರೋ ಖರ್ಚು ಕೊಟ್ಟು, ಕೂರೋಕೆ ಒಂದು ಕುರ್ಚಿ ಹಾಕಿದ್ರೆ ಸಾಕು. ಇದಕ್ಕೆ ಟೆಂಡರ್ ಬೇಡ, ಹೊಸ ಕಟ್ಟಡ ಬೇಡ.

ಬೇರೆ ಕಡೆ ಇದು ಹೊಸದೇನೂ ಅಲ್ಲ. ವೇಲ್ಸಿನ ಟಾಲಿಲಿನ್ ಅನ್ನೋ ಪುಟ್ಟ ರೈಲು ಮಾರ್ಗ ಮುಚ್ಚೋ ಪರಿಸ್ಥಿತಿಗೆ ಬಂದಾಗ 1951ರಿಂದ ಸ್ವಯಂಸೇವಕರೇ ಸೇರಿ ಓಡಿಸ್ತಿದ್ದಾರೆ, ಟಿಕೆಟ್ ಕೊಡೋದು, ಹಳಿ ನೋಡ್ಕೊಳ್ಳೋದು ಎಲ್ಲಾದ್ರಲ್ಲೂ ಅವರ ಕೈ ಇದೆ. ಇಂಗ್ಲೆಂಡಿನ ಯಾರ್ಕ್ ಊರಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ 1975ರಲ್ಲಿ ಶುರುವಾಗಿದ್ದು, ಅಲ್ಲಿ ಮ್ಯಾಲರ್ಡ್ ಇದೆ, 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿ ಉಗಿ ಎಂಜಿನ್ನಿನ ದಾಖಲೆ ಮಾಡಿದ್ದು, ಜನ ಅದನ್ನ ನೋಡೋಕೆ ಮುಗಿಬೀಳ್ತಾರೆ. ನನ್ನ ಕೇಳಿದ್ರೆ ಅದಕ್ಕಿಂತ ದೊಡ್ಡ ಕೆಲಸ ಅಲ್ಲೇ ಇರೋ ಎಲರ್ಮನ್ ಲೈನ್ಸ್ ಅನ್ನೋ ಎಂಜಿನ್ ಮಾಡ್ತಿದೆ. ಅದರ ಒಂದು ಮಗ್ಗುಲನ್ನ ಉದ್ದಕ್ಕೂ ಕೊಯ್ದು ಒಳಗಿನ ಕೊಳವೆ, ಫೈರ್‌ಬಾಕ್ಸ್, ಸಿಲಿಂಡರ್ ಎಲ್ಲಾ ಬಿಚ್ಚಿ ತೋರಿಸಿದ್ದಾರೆ, ಹಲಸಿನ ಹಣ್ಣು ಹೆಚ್ಚಿಟ್ಟ ಹಾಗೆ. ಜಪಾನಿನ ಕ್ಯೋಟೋದಲ್ಲಿ 1914ರ ಹಳೇ ಎಂಜಿನ್ ಶೆಡ್ಡನ್ನೇ, ಎಂಜಿನ್ ತಿರುಗಿಸೋ ಮಧ್ಯದ ಟರ್ನ್‌ಟೇಬಲ್ ಸಮೇತ, 2016ರಲ್ಲಿ ತೆರೆದ ಮ್ಯೂಸಿಯಂ ಒಳಗೆ ಸೇರಿಸ್ಕೊಂಡಿದ್ದಾರೆ. ಜರ್ಮನಿಯ ನ್ಯೂರೆಂಬರ್ಗಲ್ಲಿ ಉಲ್ಟಾ ಕಥೆ, 1835ರಲ್ಲಿ ಅವರ ದೇಶದ ಮೊದಲ ಪ್ರಯಾಣಿಕ ರೈಲನ್ನ ಎಳೆದ ಆಡ್ಲರ್ ಎಂಜಿನ್ ಉಳಿಸ್ಕೊಳ್ಳಲಿಲ್ಲ, ಆಮೇಲೆ ಅದರ ಹಾಗೇ ಇನ್ನೊಂದು ಮಾಡಿಸ್ಬೇಕಾಯ್ತು. ನಮ್ಮಲ್ಲಿ ಮೂಲ ಎಂಜಿನ್ನೇ ಇದಾವೆ. 1855ರ ಫೇರಿ ಕ್ವೀನ್ ನಮ್ಮದು, 1998ರಲ್ಲಿ ಗಿನ್ನೆಸ್ಸಿಗೂ ಸೇರಿತ್ತು, ಆಗಲೂ ರೈಲು ಎಳೀತಿತ್ತು ಅನ್ನೋ ಕಾರಣಕ್ಕೆ. ದೆಹಲಿ ಮ್ಯೂಸಿಯಂನ ಪಟಿಯಾಲ ಮಾನೋರೈಲಂತೂ ವಿಚಿತ್ರ, ಒಂದೇ ಹಳಿ ಮೇಲೆ ಭಾರ ಹಾಕಿ ಪಕ್ಕದಲ್ಲಿ ಒಂದು ದೊಡ್ಡ ಚಕ್ರ ರಸ್ತೆ ಮೇಲೆ ಉರುಳೋದು. ಮೈಸೂರು ಮ್ಯೂಸಿಯಂ 1979ರದ್ದು, ದೆಹಲಿ ಬಿಟ್ರೆ ದೇಶದಲ್ಲಿ ಮೊದಲು ಬಂದಿದ್ದೇ ಅದು, ಅಲ್ಲಿ ಹಳಿ ಮೇಲೆ ಓಡೋ ಹಾಗೆ ಮಾಡಿದ ಹಳೇ ಆಸ್ಟಿನ್ ಕಾರು ಇದೆ. ಸಾಮಾನಿಗೆ ಬರ ಇಲ್ಲ, ಹೇಳೋರಿಗೆ ಬರ.

ಮೈಸೂರಲ್ಲೇ 1899ರ ಮಹಾರಾಣಿ ಸಲೂನ್ ಇದೆ, ಅಡುಗೆಮನೆ ಸ್ನಾನಗೃಹ ಎಲ್ಲಾ ಇರೋ ಗಾಡಿ. ಜನ ಕಿಟಕಿಗೆ ಹಣೆ ಅಂಟಿಸಿ ನೋಡ್ತಾರೆ, ನೋಡೋ ಹಾಗೇ ಇದೆ. ಆದ್ರೆ ಯಾವುದೇ ಮ್ಯೂಸಿಯಂನಲ್ಲಿ ರಾಜರ ಗಾಡಿ ಮುಂದೆ ನಿಂತಾಗ ಅದೇ ಕಾಲದ ಮೂರನೇ ಕ್ಲಾಸಿನ ಮರದ ಬೆಂಚಿನ ಗಾಡಿ ಎಲ್ಲಿ ಅಂತ ಹುಡುಕಿ, ಎರಡನ್ನೂ ಹತ್ತಿ ಇಳಿದ್ರೆ ಒಂದು ಇಡೀ ಕಾಲ ಅರ್ಥ ಆಗುತ್ತೆ. ಬಹಳಷ್ಟು ಜಾಗದಲ್ಲಿ ಸಿಗಲ್ಲ, ಯಾಕಂದ್ರೆ ಬಡವರ ಗಾಡಿಯನ್ನ ಉಳಿಸ್ಕೋಬೇಕು ಅಂತ ಯಾರಿಗೂ ಅನ್ನಿಸಿರಲ್ಲ, ಗುಜರಿಗೆ ಹೋಗಿರುತ್ತೆ. ಈ ವಿಷಯದಲ್ಲಿ ದೆಹಲಿ ಮ್ಯೂಸಿಯಂನ ಒಂದು ಹಾಳೆ ನನಗೆ ಸಲೂನ್‌ಗಳಿಗಿಂತ ಬೆಲೆ ಬಾಳೋದು ಅನ್ಸುತ್ತೆ. 1909ರಲ್ಲಿ ಓಖಿಲ್ ಚಂದ್ರ ಸೇನ್ ಅನ್ನೋ ಪ್ರಯಾಣಿಕರು ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಬರೆದ ದೂರು. ರೈಲು ನಿಂತಾಗ ಪಾಪ ಶೌಚಕ್ಕೆ ಇಳಿದಿದ್ದಾರೆ, ಗಾರ್ಡು ಸೀಟಿ ಊದಿದ, ಒಂದು ಕೈಲಿ ಚೊಂಬು ಒಂದು ಕೈಲಿ ಧೋತಿ ಹಿಡ್ಕೊಂಡು ಓಡಿ ಪ್ಲಾಟ್‌ಫಾರ್ಮ್ ಮೇಲೆ ಎಲ್ಲರೆದುರಿಗೆ ಬಿದ್ದಿದ್ದಾರೆ, ರೈಲು ಹೋಗೇಬಿಟ್ಟಿದೆ. ಕೆಳಗಿನ ಕ್ಲಾಸುಗಳಿಗೆ ಶೌಚಾಲಯ ಬರೋಕೆ ಈ ಪತ್ರವೇ ಕಾರಣ ಅಂತ ಹೇಳ್ತಾರೆ. ಓದುಗರ ಪತ್ರಕ್ಕೆ ಜಾಗ ಕಮ್ಮಿ ಮಾಡ್ತಾ ಬಂದಿರೋ ಸಂಪಾದಕರು ಇದನ್ನ ಸ್ವಲ್ಪ ಗಮನಿಸ್ಬೇಕು.

ಹೊರಗೆ ಬಿಸಿಲು ಜಾಸ್ತಿ ಆದಾಗ ಒಳಗಿನ ಗ್ಯಾಲರಿಗೆ ಹೋಗಿ. ಅಲ್ಲಿನ ಗಾಜಿನ ಪೆಟ್ಟಿಗೆಗಳನ್ನ ಯಾರೂ ನೋಡಲ್ಲ, ಆದ್ರೆ ಪ್ರಯಾಣಿಕರ ಜೀವ ಕಾಪಾಡಿದ ಸಾಮಾನೆಲ್ಲ ಇರೋದು ಅಲ್ಲೇ. ಕೆಂಪು ಬಣ್ಣದ ಕಬ್ಬಿಣದ ಪೆಟ್ಟಿಗೆ ಒಂದಿರುತ್ತೆ, ನೀಲ್ಸ್ ಬಾಲ್ ಟೋಕನ್ ಮಿಷನ್. ಒಂದೇ ಹಳಿ ಇರೋ ಕಡೆ ಎದುರುಬದುರು ರೈಲು ಬಂದ್ರೆ ಏನು ಗತಿ? ಅಕ್ಕಪಕ್ಕದ ಎರಡು ಸ್ಟೇಷನ್ನಲ್ಲೂ ತಂತಿಯಿಂದ ಜೋಡಿಸಿದ ಒಂದೊಂದು ಪೆಟ್ಟಿಗೆ, ಒಳಗೆ ಲೋಹದ ಗುಂಡುಗಳು. ಆ ಕಡೆ ಮಾಸ್ಟರ್ ಒಪ್ಪಿ ತನ್ನ ಮಿಷನ್ ಒತ್ತಿದ್ರೆ ಮಾತ್ರ ಈ ಕಡೆ ಗುಂಡು ಹೊರಗೆ ಬರುತ್ತೆ, ಒಂದು ಹೊರಗೆ ಬಂತು ಅಂದ್ರೆ ಅದನ್ನ ವಾಪಸ್ ಹಾಕೋವರೆಗೂ ಎರಡೂ ಪೆಟ್ಟಿಗೆ ಲಾಕು. ಗುಂಡು ಕೈಗೆ ಸಿಗದೆ ಡ್ರೈವರ್ ಹೊರಡೋ ಹಾಗಿಲ್ಲ. ನಿಲ್ಲದೇ ಹೋಗೋ ರೈಲಾದ್ರೆ ದೊಡ್ಡ ಬಳೆ ಥರದ ಹಿಡಿಗೆ ಚೀಲ ಕಟ್ಟಿ ಅದರಲ್ಲಿ ಗುಂಡು ಹಾಕಿ, ಓಡೋ ಎಂಜಿನ್ನಿಂದ ತೋಳು ಚಾಚಿ ಸಿಕ್ಕಿಸ್ಕೊಳ್ಳೋರು. ಕಂಪ್ಯೂಟರ್ ಅನ್ನೋ ಹೆಸರೂ ಕೇಳಿಲ್ಲದ ಕಾಲದಲ್ಲಿ ಇಷ್ಟು ಗಟ್ಟಿ ಯೋಚನೆ. ಎರಡು ಮಿಷನ್ ತಂತಿ ಜೋಡಿಸಿ ಮ್ಯೂಸಿಯಂನ ಎರಡು ಮೂಲೇಲಿ ಇಟ್ಟು ಮಕ್ಕಳ ಕೈಗೆ ಕೊಟ್ರೆ ಬೇರೆ ವಿಡಿಯೋ ಗೇಮ್ ಬೇಕಾ? ನಾನು ನೋಡಿದ್ದೆಲ್ಲ ಗಾಜಿನ ಹಿಂದೆ, ಧೂಳು ಹಿಡ್ಕೊಂಡು.

ಪಕ್ಕದಲ್ಲಿ ಗಟ್ಟಿ ರಟ್ಟಿನ ಚಿಕ್ಕ ಟಿಕೆಟ್ಟೂ, ಅದಕ್ಕೆ ತಾರೀಖು ಒತ್ತೋ ಮಿಷನ್ನೂ ಇರುತ್ತೆ. ಥಾಮಸ್ ಎಡ್ಮಂಡ್‌ಸನ್ ಅನ್ನೋ ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ 1830ರ ದಶಕದಲ್ಲಿ ಕಂಡುಹಿಡಿದಿದ್ದು. ಮೊದಲೇ ನಂಬರ್ ಹಾಕಿ ಅಚ್ಚು ಮಾಡಿದ ಟಿಕೆಟ್ ಆದ್ರಿಂದ ಬೆಳಗ್ಗೆ ಇದ್ದ ನಂಬರು, ರಾತ್ರಿ ಉಳಿದ ನಂಬರು ನೋಡಿದ್ರೆ ದಿನದ ವಸೂಲಿ ಲೆಕ್ಕ ಸಿಗ್ತಿತ್ತು. ಐವತ್ತು ದಾಟಿದವರು ಆ ಕೌಂಟರ್ ಮುಂದೆ ನಿಂತ್ರೆ ಟಕ್ ಅನ್ನೋ ಸದ್ದು ಕಿವಿಗೆ ಬಂದೇ ಬರುತ್ತೆ.

ಇನ್ನು ಹಾಳಾಗ್ತಿರೋದರ ಬಗ್ಗೆ ಒಂದೆರಡು ಮಾತು. ಬಯಲಲ್ಲಿ ನಿಂತ ಎಂಜಿನ್ನುಗಳಿಗೆ ವರ್ಷಕ್ಕೊಮ್ಮೆ ಹಳೇ ತುಕ್ಕಿನ ಮೇಲೇ ಆಯಿಲ್ ಪೇಂಟ್ ಬಳಿಯೋದನ್ನ ಸಂರಕ್ಷಣೆ ಅಂತ ಕರೀತಾರೆ, ಒಳಗೆ ತುಕ್ಕು ತಿಂತಾನೇ ಇರುತ್ತೆ, ಕ್ಯಾಬಿನ ನೆಲದಲ್ಲಿ ಮಳೆನೀರು ನಿಂತಿರುತ್ತೆ. ತಯಾರಕರ ಹಿತ್ತಾಳೆ ಫಲಕ, ಸೀಟಿ, ಪ್ರೆಶರ್ ಗೇಜು ಎಷ್ಟೋ ಎಂಜಿನ್ನಲ್ಲಿ ಇಲ್ವೇ ಇಲ್ಲ, ಇದ್ದ ಜಾಗದಲ್ಲಿ ನಾಲ್ಕು ತೂತು. ಫಲಕದಲ್ಲಿದ್ದ ನಂಬರನ್ನ ಬಿಳಿ ಬಣ್ಣದಲ್ಲಿ ಬರೆದಿರ್ತಾರೆ, ಅದೂ ಕೆಲವು ಸಲ ಒಂದು ಪಕ್ಕ ಒಂದು, ಇನ್ನೊಂದು ಪಕ್ಕ ಇನ್ನೊಂದು. ಟೆಂಡರ್ ಮೇಲೆ ಪ್ರೇಮಿಗಳ ಹೆಸರು ಕೆತ್ತೋರಿಗೆ ಏನು ಹೇಳೋದು, ಬಿಡಿ. ಬೋರ್ಡುಗಳು ಕನ್ನಡದಲ್ಲಿ ಇರ್ತವೆ, ಇಲ್ಲ ಅನ್ನಲ್ಲ, ಆದ್ರೆ ಇಂಗ್ಲಿಷ್ ಸಾಲನ್ನ ಹಾಗೇ ತಿರುವಿ ಹಾಕಿದ ಕನ್ನಡ ಓದಿ ತಿಳ್ಕೊಳ್ಳೋಕೆ ಮತ್ತೆ ಇಂಗ್ಲಿಷ್ ಬೋರ್ಡೇ ನೋಡ್ಬೇಕು. ಎಂಜಿನ್ ಹತ್ತಿರ ಬೆಳೆದ ಒಬ್ಬ ಫಿಟ್ಟರ್‌ನ ಕೂರಿಸ್ಕೊಂಡು ನೀವು ಇದನ್ನ ಹೇಗೆ ಹೇಳ್ತೀರಿ ಅಂತ ಕೇಳಿ ಬರೆದ್ರೆ ಸಾಕಿತ್ತು.

ಹೋಗೋರಿಗೆ ನನ್ನ ಸಲಹೆ ಜಾಸ್ತಿ ಇಲ್ಲ. ವಾರದ ರಜೆ ಯಾವತ್ತು ಅಂತ ಮೊದಲೇ ನೋಡ್ಕೊಳ್ಳಿ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಮಧ್ಯಾಹ್ನದ ಬಿಸಿಲಿಗೆ ಕಪ್ಪು ಕಬ್ಬಿಣ ಮುಟ್ಟೋಕಾಗಲ್ಲ, ಕಾಲಿಗೆ ಶೂ ಇರ್ಲಿ, ಕ್ಯಾಬಿನ ಮೆಟ್ಟಿಲು ಎತ್ತರ ಇರೋದ್ರಿಂದ ಚಿಕ್ಕವರನ್ನ ಒಬ್ಬರೇ ಹತ್ತಿಸ್ಬೇಡಿ. ಟಾರ್ಚ್, ಅಳತೆ ಟೇಪು, ಒಂದು ನೋಟ್‌ಬುಕ್ ಸಾಕು. ಪುಟಾಣಿ ರೈಲನ್ನ ಕೊನೆಗೆ ಇಡಿ, ಮೊದಲೇ ಹತ್ತಿಸಿದ್ರೆ ಆಮೇಲೆ ಮಕ್ಕಳು ಏನನ್ನೂ ನೋಡಲ್ಲ. ಮನೇಲಿ ರೈಲ್ವೆಯಲ್ಲಿದ್ದ ಅಜ್ಜನೋ ದೊಡ್ಡಪ್ಪನೋ ಇದ್ರೆ ದಯವಿಟ್ಟು ಅವರನ್ನ ಕರ್ಕೊಂಡು ಹೋಗಿ, ಅವರು ಸುಸ್ತಾಗುತ್ತೆ ಬರಲ್ಲ ಅಂತಾರೆ, ಒತ್ತಾಯ ಮಾಡಿ.

ನಿಮ್ಮಿಂದ ಆಗೋ ಕೆಲಸವೂ ಒಂದಿದೆ ಸಂಪಾದಕರೇ. ವಾರದ ಪುರವಣಿಯಲ್ಲಿ ಜ್ಯೋತಿಷ್ಯಕ್ಕೆ ಕೊಡೋ ಜಾಗದಲ್ಲಿ ಅರ್ಧ ಕೊಡಿ ಸಾಕು, ನಿವೃತ್ತ ಡ್ರೈವರು, ಫೈರ್‌ಮನ್, ಗಾರ್ಡು, ಗ್ಯಾಂಗ್‌ಮನ್, ಸ್ಟೇಷನ್ ಮಾಸ್ಟರುಗಳನ್ನ ನಿಮ್ಮ ವರದಿಗಾರರು ಹತ್ತಿರದ ಮ್ಯೂಸಿಯಂಗೆ ಕರ್ಕೊಂಡು ಹೋಗಿ ಅವರು ಕೆಲಸ ಮಾಡಿದ ಸಾಮಾನಿನ ಮುಂದೆಯೇ ನಿಲ್ಲಿಸಿ ಮಾತಾಡಿಸ್ಲಿ, ಮನೇಲಿ ಕೂತು ಸಂದರ್ಶನ ಮಾಡಿದ್ರೆ ಆ ಮಾತು ಬರಲ್ಲ, ಹಿಡಿ ಮೇಲೆ ಕೈ ಇಟ್ಟಾಗಲೇ ಬರೋದು. ಬರೆದಿದ್ದನ್ನ ಮ್ಯೂಸಿಯಂನವರಿಗೂ ಒಂದು ಕಾಪಿ ಕಳಿಸಿ, ಮುಂದಿನ ಸಲ ಬೋರ್ಡ್ ಬದಲಾಯಿಸುವಾಗ ಟನ್ ಲೆಕ್ಕದ ಕೆಳಗೆ ಎರಡು ಸಾಲು ಅದನ್ನೇ ಹಾಕ್ಲಿ. ಮತ್ತೆ ಮುಂದಿನ ವರ್ಷದ ರಜೆ ಪುಟದಲ್ಲಿ ರೈಲ್ವೆ ಮ್ಯೂಸಿಯಂಗೂ ಒಂದು ಪೂರ್ತಿ ಪ್ಯಾರಾ ಕೊಡಿ, ಬೇಕಿದ್ರೆ ಒಂದು ರೆಸಾರ್ಟ್ ಕಮ್ಮಿ ಮಾಡಿ.

ಇಂತಿ,
ನಿಮ್ಮ ಹಳೇ ಓದುಗ